ಹಸಿ ಹೆರಿಂಗ್ ತಿನ್ನಬಹುದೇ? ಜೂನಿನಲ್ಲೇ ಯಾಕೆ ಆ ಮೀನಿನ ಹಬ್ಬ?

ಪ್ರಶ್ನೆ: ನಾನು ಉಡುಪಿ ಕಡೆಯವನು. 4 ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಡೆನ್ ಹಾಗ್‌ನಲ್ಲಿ ಕೆಲಸದಲ್ಲಿದ್ದೇನೆ. ಪ್ರತಿ ಜೂನ್‌ನಲ್ಲಿ ಪಕ್ಕದ ಸ್ಖೇವನಿಂಗನ್ ಬಂದರಿನಲ್ಲಿ ಹೆರಿಂಗ್ ಮೀನಿನ ಹಬ್ಬ ನಡೆಯುತ್ತದೆ. ಈ ಸಲ ಆಫೀಸಿನವರು ಮನೆಮಂದಿಯನ್ನೆಲ್ಲ ಕರೆದಿದ್ದಾರೆ. ಅಲ್ಲಿ ಮೀನನ್ನು ಬೇಯಿಸದೆ, ಬಾಲ ಹಿಡಿದು ಹಾಗೇ ತಿನ್ನುತ್ತಾರೆ. ನನ್ನ ಹೆಂಡತಿಗೆ ಈಗ 5 ತಿಂಗಳು. ಮಗನಿಗೆ 7 ವರ್ಷ. ಊರಿಂದ ಬರುವ ತಂದೆಗೆ ಬಿಪಿ ಇದೆ. ಹಸಿ ಮೀನಿನಲ್ಲಿ ಹುಳ ಇರುತ್ತದೆ ಎಂದು ಕೇಳಿದ್ದೇನೆ, ಹೆದರಿಕೆ ಆಗುತ್ತಿದೆ. ಇನ್ನೊಂದು ವಿಷಯ. ನನ್ನ ತಂದೆ ದೋಣಿಯಲ್ಲಿ ದುಡಿದವರು. ಫೋನಿನಲ್ಲಿ ಹಬ್ಬದ ಸುದ್ದಿ ಹೇಳಿದಾಗ ಅವರು ಕೇಳಿದ್ದು: "ಜೂನ್ ಅಂದ್ರೆ ನಾವು ಬಲೆ ಎತ್ತಿಡುವ ಕಾಲ. ಮೀನು ಮೊಟ್ಟೆ ಇಡುವಾಗ ಹಿಡಿದು ಹಬ್ಬ ಮಾಡ್ತಾರಲ್ಲ, ಅದು ಸರಿಯಾ?" ನನಗೆ ಉತ್ತರ ಗೊತ್ತಾಗಲಿಲ್ಲ. ಒಬ್ಬ ಬೆಸ್ತ ಈ ಮೀನು ಉಪ್ಪು ಹಾಕುವುದನ್ನು ಕಂಡುಹಿಡಿದ, ಮೊದಲ ಪೀಪಾಯಿ ಈಗಲೂ ರಾಜನಿಗೇ ಹೋಗುತ್ತದೆ, ಹಬ್ಬ 600 ವರ್ಷ ಹಳೆಯದು ಎಂದು ವಾಟ್ಸಾಪ್‌ನಲ್ಲಿ ಬಂತು. ಇದು ನಿಜವೇ? ಅಥವಾ ಎಲ್ಲ ಸುಮ್ನೆ ಪ್ರವಾಸಿಗರಿಗಾಗಿ ಮಾಡಿದ್ದೇ?

ಉತ್ತರ: ನೀವು ಕೇಳಿದ್ದು ಆರೋಗ್ಯದ ಬಗ್ಗೆ, ತಂದೆಯವರು ಕೇಳಿದ್ದು ಹಬ್ಬದ ಬಗ್ಗೆ. ನಾನು ತಂದೆಯವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಂಗಳೂರಿನ ಕಡೆ ಮೀನು ಸಂಸ್ಕರಣೆಯ ಕೆಲಸದಲ್ಲೇ ನನ್ನ ಆಯುಷ್ಯ ಕಳೆದಿದೆ. ಇಷ್ಟು ಚೆನ್ನಾದ ಪ್ರಶ್ನೆ ನನಗೆ ಅಪರೂಪಕ್ಕೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮ ಬೂತಾಯಿ (ಸಾರ್ಡೀನ್) ಮೀನು ಮೊಟ್ಟೆ ಇಡುವುದು ಮಳೆಗಾಲದಲ್ಲೇ. ಹಾಗಾಗಿ ಜೂನ್‌ನಲ್ಲಿ ಮೀನು ಹಿಡಿಯುವುದೆಂದರೆ ತಂದೆಯವರಿಗೆ ಬಸುರಿಯನ್ನು ಕೊಂದ ಹಾಗೆ ಅನಿಸುವುದು ಸಹಜ. ಆದರೆ ಉತ್ತರ ಸಮುದ್ರದ ಹೆರಿಂಗ್‌ನ ಪಂಚಾಂಗ ಬೇರೆ. ಅದರ ಬಹುಪಾಲು ಹಿಂಡುಗಳು ಮೊಟ್ಟೆ ಇಡುವುದು ಆಗಸ್ಟ್ ನಂತರ. ಸ್ಕಾಟ್ಲೆಂಡಿನ ಆಚೆಯ ಶೆಟ್‌ಲ್ಯಾಂಡ್, ಆರ್ಕ್‌ನಿ ದ್ವೀಪಗಳ ಸುತ್ತ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಮೆಲ್ಲಗೆ ದಕ್ಷಿಣಕ್ಕೆ ಇಳಿದು, ಇಂಗ್ಲಿಷ್ ಕಾಲುವೆಯ ಬಳಿ ಡಿಸೆಂಬರ್-ಜನವರಿ ಆಗುತ್ತದೆ. ಜೂನ್‌ನಲ್ಲಿ ಈ ಮೀನು ಮಾಡುವ ಕೆಲಸ ಒಂದೇ, ತಿನ್ನುವುದು. ಚಳಿಗಾಲ ಮುಗಿದು ಬಿಸಿಲು ಬಿದ್ದಾಗ ಅಲ್ಲಿನ ಕಡಲಿನಲ್ಲಿ ತೀರಾ ಸಣ್ಣ ಸಣ್ಣ ಜೀವಿಗಳು ತುಂಬಿಕೊಳ್ಳುತ್ತವೆ. ಚಳಿಗಾಲ ಪೂರ್ತಿ ಬಡಕಲಾಗಿದ್ದ ಹೆರಿಂಗ್ ಮೇ ತಿಂಗಳಲ್ಲಿ ಅದನ್ನು ತಿಂದು ತಿಂದು ಕೊಬ್ಬುತ್ತದೆ. ಆ ಕೊಬ್ಬು ಮುಂದೆ ಮೊಟ್ಟೆ ಕಟ್ಟುವುದಕ್ಕೆ ಖರ್ಚಾಗುತ್ತದೆ. ಜೂನ್‌ನಲ್ಲಿ ಇನ್ನೂ ಖರ್ಚಾಗಿರುವುದಿಲ್ಲ.

ಡಚ್ಚರು ಕಾಯುವುದು ಇದೇ ಹೊತ್ತಿಗೆ. ಮೈಯಲ್ಲಿ ಎಣ್ಣೆ ತುಂಬಿದೆ, ಹೊಟ್ಟೆಯಲ್ಲಿ ಮೊಟ್ಟೆಯೂ ಇಲ್ಲ, ಹಾಲೂ (ಗಂಡು ಮೀನಿನ ವೀರ್ಯ) ಇಲ್ಲ. ಇಂಥ ಮೀನಿಗೆ ಅವರು 'ಮಾತ್ಯೆಸ್' ಎನ್ನುತ್ತಾರೆ. ಕನ್ಯೆ ಎಂಬ ಅರ್ಥದ ಹಳೆಯ ಡಚ್ ಮಾತಿನಿಂದ ಬಂದ ಹೆಸರು ಅದು. 'ಹೊಲಾಂಡ್ಸೆ ನ್ಯೂವೆ', ಅಂದರೆ ಹಾಲೆಂಡಿನ ಹೊಸ ಮೀನು, ಎಂಬ ಹೆಸರಿನಲ್ಲಿ ಮಾರಬೇಕಾದರೆ ಮೀನಿನಲ್ಲಿ ಕಡಿಮೆಯೆಂದರೂ 16 ಶೇಕಡಾ ಕೊಬ್ಬು ಇರಬೇಕು. ಮೇ ಮತ್ತು ಜುಲೈ ನಡುವೆ ಹಿಡಿದಿರಬೇಕು. ಕೊಬ್ಬು ಸಾಲದೆ ಮಾರಾಟದ ದಿನವನ್ನು ಮುಂದೆ ಹಾಕಿದ ವರ್ಷಗಳೂ ಇವೆ. ಹಬ್ಬದ ದಿನವನ್ನು ನಿಜವಾಗಿ ಗೊತ್ತುಮಾಡುವುದು ಆ ಮೀನಿನ ಮೈ.

ಇದು ನಮಗೆ ಹೊಸದೇನಲ್ಲ. ಮಂಗಳೂರಿನವರಿಗೆ ಬೂತಾಯಿ, ಕುಂದಾಪುರದವರಿಗೆ ಬೈಗೆ, ಕಾರವಾರದವರಿಗೆ ತಾರ್ಲೆ. ಅದೂ ಹೆರಿಂಗ್‌ನ ದೊಡ್ಡ ಬಳಗಕ್ಕೇ ಸೇರಿದ್ದು. ಮಳೆ ಮುಗಿದ ಮೇಲೆ ಬರುವ ಬೂತಾಯಿಯನ್ನು ಬರೀ ಕಾವಲಿಯಲ್ಲಿ ಇಟ್ಟರೂ ಸಾಕು, ತನ್ನ ಎಣ್ಣೆಯಲ್ಲೇ ಹುರಿದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ತಂದ ಅದೇ ಮೀನು ಒಣಕಲು. ಅಮ್ಮಂದಿರಿಗೆ ಇದು ಯಾವ ಪುಸ್ತಕ ಓದದೆಯೂ ಗೊತ್ತು. ಡಚ್ಚರು ಅದನ್ನೇ ಅಳೆದು, ಶೇಕಡಾವಾರು ಬರೆದು, ಹಬ್ಬ ಮಾಡಿಕೊಂಡಿದ್ದಾರೆ.

ಇನ್ನು ವಾಟ್ಸಾಪ್ ವಿಷಯ. ಅದರಲ್ಲಿ ನಿಜವೂ ಇದೆ, ಕತೆಯೂ ಇದೆ.

ಆ ಬೆಸ್ತನ ಹೆಸರು ವಿಲ್ಲೆಮ್ ಬ್ಯೂಕಲ್ಸ್‌ಜೋನ್. ಊರು ಬೀರ್‌ವ್ಲೀಟ್. ಕಾಲ 14ನೇ ಶತಮಾನ. ಮೀನಿನ ಕರುಳು ತೆಗೆದು ಉಪ್ಪು ಹಾಕುವ ಉಪಾಯ ಅವನದೇ ಎಂದು ಡಚ್ ಮಕ್ಕಳು ಶಾಲೆಯಲ್ಲಿ ಕೇಳುತ್ತ ಬಂದಿದ್ದಾರೆ. ಆದರೆ ಅವನೊಬ್ಬನೇ ಕಂಡುಹಿಡಿದ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಅವನಿಗಿಂತ ಮೊದಲೇ, ಈಗಿನ ಸ್ವೀಡನ್ನಿನ ತೆಂಕಣ ತುದಿಯ ಸ್ಕೋನೆ ತೀರದಲ್ಲಿ, ಹೆರಿಂಗ್‌ನ ದೊಡ್ಡ ಸಂತೆ ನಡೆಯುತ್ತಿತ್ತು. ಶರತ್ಕಾಲ ಬಂದರೆ ಸ್ಕಾನೋರ್, ಫಾಲ್ಸ್ಟರ್‌ಬೋ ಎಂಬ ಎರಡು ಸಣ್ಣ ಊರುಗಳಿಗೆ ಉತ್ತರ ಯುರೋಪಿನ ವರ್ತಕರೆಲ್ಲ ಬಂದು ಸೇರುತ್ತಿದ್ದರು. ಲ್ಯೂಬೆಕ್‌ನ ವ್ಯಾಪಾರಿಗಳು ಲ್ಯೂನೆಬರ್ಗ್‌ನ ಉಪ್ಪು ತಂದು ಸುರಿಯುತ್ತಿದ್ದರು, ಮೀನಿನ ಪೀಪಾಯಿ ಕೊಂಡೊಯ್ಯುತ್ತಿದ್ದರು. ಹೆರಿಂಗ್ ಸುತ್ತ ಜನ ಸೇರಿ ಜಾತ್ರೆ ಮಾಡಿದ್ದು ಬಹುಶಃ ಇಂಥ ಸಂತೆಗಳಿಂದಲೇ ಶುರು. ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನಲ್ಲೂ ಮಧ್ಯಯುಗದಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ 40 ದಿನದ ಹೆರಿಂಗ್ ಜಾತ್ರೆ ಇತ್ತು.

ಇಷ್ಟೊಂದು ಉಪ್ಪುಮೀನು ಯಾರಿಗೆ ಬೇಕಿತ್ತು ಎಂದು ಕೇಳಬಹುದು. ಉತ್ತರ ಚರ್ಚಿನಲ್ಲಿದೆ. ನಮ್ಮಲ್ಲಿ ವ್ರತ ಅಂದರೆ ಮೀನು ಬಿಡುವುದು. ಸೋಮವಾರ ಬೇಡ, ಸಂಕ್ರಾಂತಿಗೆ ಬೇಡ. ಅಲ್ಲಿ ತಿರುಗುಮುರುಗು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನು ತಿನ್ನಬಹುದಿತ್ತು. ಶುಕ್ರವಾರಗಳು, ಈಸ್ಟರ್ ಮುಂಚಿನ 40 ದಿನ, ಎಲ್ಲ ಸೇರಿದರೆ ವರ್ಷದಲ್ಲಿ ದೊಡ್ಡ ಪಾಲೇ ಆಗುತ್ತಿತ್ತು. ಕಡಲಿಂದ ದೂರದ ಹಳ್ಳಿಯ ಬಡವನಿಗೂ ಎಟುಕುವ ಮೀನು ಅಂದರೆ ಮುಖ್ಯವಾಗಿ ಪೀಪಾಯಿಯ ಹೆರಿಂಗ್. 1429ರ ಫೆಬ್ರವರಿಯಲ್ಲಿ ಫ್ರಾನ್ಸಿನ ಓರ್ಲಿಯನ್ಸ್ ಮುತ್ತಿಗೆ ಹಾಕಿದ್ದ ಇಂಗ್ಲಿಷ್ ಸೈನ್ಯಕ್ಕೆ ಉಪವಾಸದ ತಿಂಗಳ ಆಹಾರವೆಂದು ಗಾಡಿಗಟ್ಟಲೆ ಹೆರಿಂಗ್ ಹೋಗುತ್ತಿತ್ತು. ಫ್ರೆಂಚರು ಅಡ್ಡಗಟ್ಟಿದರು. ಆ ಕಾಳಗಕ್ಕೆ ಇತಿಹಾಸದಲ್ಲಿ ಇರುವ ಹೆಸರೇ 'ಹೆರಿಂಗ್ ಕದನ'.

ಬ್ಯೂಕಲ್ಸ್‌ಜೋನ್ ಇರಲಿ ಬಿಡಲಿ, ಆ ಕೈಚಳಕ ಮಾತ್ರ ದೊಡ್ಡದು. ನಾನು ತರಬೇತಿಗೆಂದು ಒಮ್ಮೆ ಅಲ್ಲಿಗೆ ಹೋಗಿದ್ದಾಗ ವಯಸ್ಸಾದ ಕೆಲಸಗಾರರೊಬ್ಬರು ಮಾಡಿ ತೋರಿಸಿದ್ದರು. ಬೆರಳುದ್ದದ ಗಿಡ್ಡ ಚಾಕು. ಮೀನನ್ನು ಎಡಗೈಯಲ್ಲಿ ಬೆನ್ನು ಕೆಳಗೆ ಮಾಡಿ ಹಿಡಿದರು. ಗಂಟಲಿನ ಬಳಿ ಚಾಕು ಒಮ್ಮೆ ಒಳಗೆ, ಒಂದು ತಿರುವು, ಹೊರಗೆ. ಕಿವಿರು, ಗಂಟಲು, ಕರುಳಿನ ಒಂದು ಭಾಗ ಒಟ್ಟಿಗೇ ಕಿತ್ತುಬಂತು. ರಕ್ತ ಇಳಿದುಹೋಯಿತು. ನಮ್ಮ ಮನೆಗಳಲ್ಲಿ ಮಾಡುವಂತೆ ಹೊಟ್ಟೆ ಸೀಳಿ ಎಲ್ಲ ಬಳಿದು ತೆಗೆಯಲಿಲ್ಲ. ಒಂದು ಸಣ್ಣ ಅಂಗವನ್ನು ಬೇಕೆಂದೇ ಒಳಗೆ ಬಿಟ್ಟರು. ಅದು ಮೇದೋಜೀರಕ ಗ್ರಂಥಿ. ಅದರಲ್ಲಿರುವ ಕಿಣ್ವಗಳು ಉಪ್ಪಿನ ಜತೆ ಸೇರಿ ಮಾಂಸವನ್ನು ನಿಧಾನವಾಗಿ ಮೆತ್ತಗೆ ಮಾಡುತ್ತವೆ, ರುಚಿ ತರುತ್ತವೆ. ಹಾಗಾಗಿ 'ಹಸಿ ಮೀನು' ಎನ್ನುವ ನಿಮ್ಮ ಮಾತು ಪೂರ್ತಿ ಸರಿಯಲ್ಲ. ಅದನ್ನು ಬೇಯಿಸಿಲ್ಲ ನಿಜ, ಆದರೆ ಅದು ಹದವಾಗಿ ಮಾಗಿದ ಮೀನು. ನಮ್ಮ ಮಿಡಿ ಉಪ್ಪಿನಕಾಯಿಯನ್ನು ಹಸಿ ಮಾವು ಎಂದು ಯಾರೂ ಕರೆಯುವುದಿಲ್ಲ, ಅಲ್ವಾ?

ಈ ಕೆಲಸವನ್ನು ಡಚ್ಚರು ಹಡಗಿನ ಮೇಲೇ ಮಾಡಲು ಕಲಿತರು. ಹಿಡಿದ ಕೂಡಲೇ ಅಲ್ಲೇ ಕೊಯ್ದು, ಉಪ್ಪು ಬೆರೆಸಿ, ಪೀಪಾಯಿಗೆ ತುಂಬುವುದು. ಹೀಗಾಗಿ ವಾರಗಟ್ಟಲೆ ಕಡಲಲ್ಲಿ ಉಳಿಯಬಹುದಾಯಿತು. 17ನೇ ಶತಮಾನದಲ್ಲಿ ಅವರ ನೂರಾರು ಹಡಗುಗಳು ಜೂನ್‌ನಲ್ಲಿ ಶೆಟ್‌ಲ್ಯಾಂಡ್ ಬಳಿ ಸೇರುತ್ತಿದ್ದವು. ಜೂನ್ 24, ಸಂತ ಜಾನ್‌ನ ಹಬ್ಬದ ಹೊತ್ತಿಗೆ ಮೊದಲ ಬಲೆ. ಅದಕ್ಕೆ ಮುಂಚೆ ಬಲೆ ಬಿಡಬಾರದೆಂಬ ಕಟ್ಟಳೆಯೂ ಇತ್ತು. ಇದನ್ನೂ ತಂದೆಯವರಿಗೆ ಹೇಳಿ. ಈಗ ಶೆಟ್‌ಲ್ಯಾಂಡಿನ ಮುಖ್ಯ ಊರಾದ ಲೆರ್ವಿಕ್ ಹುಟ್ಟಿದ್ದೇ ಈ ಡಚ್ ಬೆಸ್ತರ ಜತೆ ವ್ಯಾಪಾರ ಮಾಡುತ್ತ. ಆಮ್‌ಸ್ಟರ್‌ಡ್ಯಾಮ್ ನಿಂತಿರುವುದು ಹೆರಿಂಗ್ ಮುಳ್ಳಿನ ಮೇಲೆ ಎಂದು ಅವರಲ್ಲಿ ಗಾದೆಯೇ ಇದೆ.

ಈಗ ನಿಮ್ಮ ಹಬ್ಬ. ಡಚ್ಚಿನಲ್ಲಿ 'ವ್ಲಾಖೆಟ್ಯೆಸ್‌ಡಾಖ್', ಪುಟ್ಟ ಬಾವುಟಗಳ ದಿನ. ಹಂಗಾಮಿನ ಮೊದಲ ಪಯಣಕ್ಕೆ ಹೊರಡುವ ಮುಂಚೆ ದೋಣಿಗಳಿಗೆ ಬಾವುಟ ಕಟ್ಟಿ, ಊರಿನವರೆಲ್ಲ ಬಂದರಿಗೆ ಬಂದು ನೋಡುತ್ತಿದ್ದರು. ಮರುದಿನವೋ ಅದರ ಮರುದಿನವೋ ಗಂಡಸರು ಹೋದರೆ ವಾರಗಟ್ಟಲೆ ಸುದ್ದಿ ಇಲ್ಲ. ಕೆಲವರು ಮರಳುತ್ತಲೇ ಇರಲಿಲ್ಲ. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಕೈಮುಗಿಯುವಾಗ ಮನಸ್ಸಿನಲ್ಲಿ ಇರುವುದು ಏನು ಎಂದು ನಿಮ್ಮ ತಂದೆಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾವುಟದ ದಿನದ ಬೇರೂ ಅಲ್ಲೇ ಇದೆ.

ಸ್ಖೇವನಿಂಗನ್‌ನಲ್ಲಿ ಇದು ಈಗಿನ ರೂಪದ ಹಬ್ಬವಾದದ್ದು 1947ರಲ್ಲಿ, ಎರಡನೇ ಮಹಾಯುದ್ಧ ಮುಗಿದ ಮೇಲೆ. ಹಾಗಾಗಿ '600 ವರ್ಷ ಹಳೆಯ ಹಬ್ಬ' ಎನ್ನುವುದು ತಪ್ಪು. ಮೀನಿನ ಕಸುಬು ಹಳೆಯದು, ಬಾವುಟ ಕಟ್ಟುವುದು ಹಳೆಯದು, ಬ್ಯಾಂಡು-ಮಳಿಗೆಗಳ ಹಬ್ಬ ಈಚಿನದು. ರಾಜನ ಪೀಪಾಯಿಯ ಕತೆಗೆ ಆಧಾರ ಇದೆ. ಮೊದಲ ಮೀನು ತರುವುದಕ್ಕೆ ಹಡಗುಗಳ ನಡುವೆ ಪೈಪೋಟಿ ಇತ್ತು, ಮೊದಲ ಪೀಪಾಯಿ ಅರಮನೆಗೆ ಕಾಣಿಕೆಯಾಗಿ ಹೋಗುತ್ತಿತ್ತು. ಈಗ ಎಲ್ಲರೂ ಕಾಯುವುದು ಆ ಪೀಪಾಯಿಯ ಹರಾಜಿಗೆ. ಬಂದ ದುಡ್ಡು ದಾನಕ್ಕೆ ಹೋಗುತ್ತದೆ. ಹರಾಜು ಮುಗಿದ ಮೇಲೆಯೇ ಹೊಸ ಹೆರಿಂಗ್ ಅಂಗಡಿಗೆ ಬರುವುದು.

ನೀವು ತಿನ್ನುವ ಹೆರಿಂಗ್ ಸ್ಖೇವನಿಂಗನ್ ದೋಣಿಯದು ಆಗಿರುವ ಸಾಧ್ಯತೆ ಕಡಿಮೆ. ಬಹುಪಾಲು ಮೀನು ಹಿಡಿಯುವುದು ನಾರ್ವೆ, ಡೆನ್ಮಾರ್ಕ್ ಕಡೆಯ ಹಡಗುಗಳು. ಕೊಯ್ದು ಉಪ್ಪು ಹಾಕುವ ಕೆಲಸವೂ ಹೆಚ್ಚಾಗಿ ಆ ಕಡೆಯೇ. ಇದನ್ನು ಮೋಸ ಎನ್ನಲಾರೆ. ಹದ ಡಚ್ಚರದು, ತಿನ್ನುವ ಪದ್ಧತಿ ಅವರದು. ಆದರೆ ಬಂದರಿನಲ್ಲಿ ನಿಂತ ದೋಣಿಯಿಂದ ಈಗಷ್ಟೇ ಇಳಿದ ಮೀನು ಎಂದು ಭಾವಿಸಿ ತಿನ್ನಬೇಡಿ. ಅದು ಹಾಗಲ್ಲ. ಹಾಗಲ್ಲದಿರುವುದೇ ನಿಮಗೆ ಒಳ್ಳೆಯದು. ಯಾಕೆ ಅಂತ ಹೇಳುತ್ತೇನೆ.

ಹುಳದ ಭಯ ಸುಳ್ಳಲ್ಲ. ಅದರ ಹೆಸರು ಅನಿಸಾಕಿಸ್. ಕಡಲಿನ ಮೀನುಗಳ ಹೊಟ್ಟೆಯಲ್ಲಿ ಸುರುಳಿ ಸುತ್ತಿಕೊಂಡಿರುವ, ದಾರದಂಥ ಬಿಳಿ ಮರಿಹುಳ. ಜೀವಂತ ಹುಳ ನಮ್ಮ ಹೊಟ್ಟೆಗೆ ಹೋದರೆ ಜಠರದ ಗೋಡೆಗೆ ಚುಚ್ಚಿಕೊಂಡು ಭಾರಿ ನೋವು ಕೊಡುತ್ತದೆ. ಇದನ್ನು ಮನುಷ್ಯರಲ್ಲಿ ಮೊದಲು ಗುರುತಿಸಿ 1960ರಲ್ಲಿ ಬರೆದವರು ಡಚ್ ವೈದ್ಯರೇ. ಅದಕ್ಕೆ ಕಾರಣ ಇದೇ ಹೆರಿಂಗ್. ಮುಂಚೆ ಮೀನು ಕೆಡಬಾರದೆಂದು ಪೀಪಾಯಿ ತುಂಬ ಉಪ್ಪು ಸುರಿಯುತ್ತಿದ್ದರು, ಅದರಲ್ಲಿ ವಾರಗಟ್ಟಲೆ ಇದ್ದ ಹುಳ ಸಾಯುತ್ತಿತ್ತು. ಐಸು, ಫ್ರಿಜ್ ಬಂದ ಮೇಲೆ ಜನ ಉಪ್ಪು ಕಡಿಮೆ ಇರುವ ಮೆತ್ತನೆಯ ಮೀನನ್ನು ಇಷ್ಟಪಟ್ಟರು. ರುಚಿ ಹೆಚ್ಚಿತು, ಹುಳ ಉಳಿಯಿತು. ಕೊನೆಗೆ 1968ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿತು: ಹೀಗೆ ತಿನ್ನುವ ಹೆರಿಂಗ್ ಎಲ್ಲವನ್ನೂ ಮೊದಲು ಹೆಪ್ಪುಗಟ್ಟಿಸಬೇಕು. ಈಗ ಯುರೋಪಿನ ನಿಯಮವೂ ಅದೇ. ಮೀನಿನ ಒಳಭಾಗ ಮೈನಸ್ 20 ಡಿಗ್ರಿಗೆ ಇಳಿದು ಕನಿಷ್ಠ 24 ಗಂಟೆ ಇರಬೇಕು. ಆ ಚಳಿಯಲ್ಲಿ ಹುಳ ಸಾಯುತ್ತದೆ.

ಅಂದರೆ ಹಬ್ಬದ ಮಳಿಗೆಯಲ್ಲಿ ಸಿಗುವ 'ಹೊಸ' ಮೀನು ಒಮ್ಮೆ ಹೆಪ್ಪುಗಟ್ಟಿ ಕರಗಿದ ಮೀನು. ಹುಳದ ಮಟ್ಟಿಗೆ ಅದು ಸುರಕ್ಷಿತ. ಮೀನಿನ ಜತೆ ಜೆನೇವರ್ ಎಂಬ ಡಚ್ ಮದ್ಯ ಕುಡಿದರೆ ಹುಳ ಸಾಯುತ್ತದೆ, ಈರುಳ್ಳಿ ತಿಂದರೆ ಸಾಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಿಂಬೆರಸ, ವಿನೆಗರ್, ಮೇಲೆ ಉದುರಿಸಿದ ಉಪ್ಪು ಯಾವುದರಿಂದಲೂ ಅದು ಸಾಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬಹಳ ಗಟ್ಟಿಯಾಗಿ ಹೇಳುತ್ತೇನೆ. ಹಬ್ಬದ ಉತ್ಸಾಹದಲ್ಲಿ ಮಾರ್ಕೆಟ್ಟಿನ ತಾಜಾ ಹೆರಿಂಗ್ ಅಥವಾ ಬಂಗುಡೆ ತಂದು ಮನೆಯಲ್ಲಿ ಹೀಗೆ ಮಾಡಲು ಹೋಗಬೇಡಿ. ಮನೆಯ ಫ್ರೀಜರ್ ಅಷ್ಟು ಬೇಗ ಅಷ್ಟು ತಣ್ಣಗೆ ಆಗುವುದಿಲ್ಲ. ಊರಿಗೆ ಬಂದಾಗಲೂ ಬೂತಾಯಿಯ ಮೇಲೆ ಈ ಪ್ರಯೋಗ ಬೇಡ.

ಹೆಪ್ಪುಗಟ್ಟಿಸಿದರೆ ಹುಳ ಸಾಯುತ್ತದೆ, ಬ್ಯಾಕ್ಟೀರಿಯಾ ಎಲ್ಲವೂ ಸಾಯುವುದಿಲ್ಲ. ನಿಮ್ಮ ಹೆಂಡತಿಯ ವಿಷಯದಲ್ಲಿ ನನಗೆ ಇರುವ ಚಿಂತೆ ಅದೇ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣನೆಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ಉಪ್ಪನ್ನೂ ತಡೆದುಕೊಳ್ಳುತ್ತದೆ. ಬೇರೆಯವರಿಗೆ ಏನೂ ಆಗದೆ ಹೋಗಬಹುದು. ಬಸುರಿಯರಲ್ಲಿ ಅದು ಮಗುವಿನವರೆಗೂ ಹೋಗಿ ತೊಂದರೆ ಕೊಡಬಹುದು. ಹಾಗೆ ಆಗುವುದು ಅಪರೂಪ. ಆದರೆ ಒಂದು ತುಂಡು ಮೀನಿಗಾಗಿ ಅಷ್ಟು ಅಪಾಯ ಯಾಕೆ? ಅದೇ ಮಳಿಗೆಗಳಲ್ಲಿ 'ಕಿಬ್ಬೆಲಿಂಗ್' ಸಿಗುತ್ತದೆ. ಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿಬಿಸಿ ಮೀನಿನ ತುಂಡು. ಚೆನ್ನಾಗಿ ಬೆಂದದ್ದನ್ನು ಅವರು ಧಾರಾಳವಾಗಿ ತಿನ್ನಲಿ, ಮೀನು ಈ ಸಮಯದಲ್ಲಿ ಒಳ್ಳೆಯದೇ. ಅವರನ್ನು ನೋಡುವ ವೈದ್ಯರನ್ನೂ ಒಂದು ಮಾತು ಕೇಳಿ. ಅವರ ಮಾತೇ ಕೊನೆಯದು.

ತಂದೆಯವರಿಗೆ ಉಪ್ಪಿನ ಲೆಕ್ಕ ಮುಖ್ಯ. ಈಗಿನ ಹೊಸ ಹೆರಿಂಗ್‌ನಲ್ಲಿ ಹಳೆಯ ಕಾಲದಷ್ಟು ಉಪ್ಪಿಲ್ಲ. ನಮ್ಮ ಒಣಮೀನಿಗೆ ಹೋಲಿಸಿದರೆ ತೀರಾ ಕಡಿಮೆ. ಅರ್ಧ ಮೀನು ತಿಂದು, ಆ ದಿನ ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಸಾಕು. ಮಗನಿಗೆ ಒಂದೆರಡು ತುಂಡು ಕೊಡಬಹುದು, ಅವನಿಗೆ ಮೀನಿನ ಅಲರ್ಜಿ ಇಲ್ಲ ಎಂದಿದ್ದರೆ. ಒತ್ತಾಯ ಮಾಡಬೇಡಿ. ಬಾಯಿಗೆ ಇಟ್ಟರೆ ಬೆಣ್ಣೆ ಹಾಗೆ ಕರಗುವ ಮೀನು ಕೆಲವು ಮಕ್ಕಳಿಗೆ ಮೊದಲ ಸಲ ಹಿಡಿಸುವುದಿಲ್ಲ.

ಇನ್ನೊಂದು ಅಪಾಯ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹೆರಿಂಗ್, ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಇಂಥ ಮೀನುಗಳು ಬಿಸಿಲಿನಲ್ಲಿ ಇದ್ದರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಸ್ತು ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗುವುದು, ಬಾಯಿ ಚುರುಗುಟ್ಟುವುದು, ತಲೆನೋವು, ಮೈ ತುರಿಕೆ. ಒಮ್ಮೆ ಹುಟ್ಟಿದರೆ ಬೇಯಿಸಿದರೂ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಹಾಗಾಗಿ ಮಳಿಗೆ ನೋಡಿ ಆರಿಸಿ. ಮೀನು ಐಸಿನ ಮೇಲೆ ಇರಬೇಕು. ಮೊದಲೇ ಬಿಡಿಸಿ ತಟ್ಟೆಯಲ್ಲಿ ಜೋಡಿಸಿಟ್ಟದ್ದು ಬೇಡ, ನಿಮ್ಮ ಕಣ್ಣೆದುರೇ ಬಿಡಿಸಿ ಕೊಡಲಿ. ಮಾಂಸದ ಬಣ್ಣ ತಿಳಿ ಬೂದು-ಗುಲಾಬಿ ಇರಬೇಕು, ಚರ್ಮದ ಕೆಳಗಿನ ಕೊಬ್ಬು ಬೆಳ್ಳಗೆ ಕಾಣಬೇಕು. ಅಂಚು ಹಳದಿಯಾಗಿದ್ದರೆ, ಹಳೆ ಮೀನೆಣ್ಣೆಯ ಕಮಟು ವಾಸನೆ ಬಂದರೆ ಸುಮ್ನೆ ಮುಂದಿನ ಮಳಿಗೆಗೆ ಹೋಗಿ. 'ಹೆರಿಂಗ್ ಬಂದರೆ ವೈದ್ಯ ಬೇಡ' ಎಂಬ ಅರ್ಥದ ಗಾದೆ ಡಚ್ಚರಲ್ಲಿದೆ. ಅದರ ಎಣ್ಣೆ ಹೃದಯಕ್ಕೆ ಒಳ್ಳೆಯದು ಎನ್ನುವುದು ಸರಿ. ಬಿಸಿಲಿಗೆ ಇಟ್ಟ ಹೆರಿಂಗ್‌ಗೆ ಆ ಗಾದೆ ಹೊಂದುವುದಿಲ್ಲ.

ಬಾಲ ಹಿಡಿದು ತಲೆ ಎತ್ತಿ ತಿನ್ನುವುದು ಕಡ್ಡಾಯವಲ್ಲ. ತುಂಡು ಮಾಡಿಸಿ, ಈರುಳ್ಳಿ ಹಾಕಿಸಿಕೊಂಡು, ಕಡ್ಡಿಯಲ್ಲಿ ಚುಚ್ಚಿ ತಿನ್ನಬಹುದು. ಆಮ್‌ಸ್ಟರ್‌ಡ್ಯಾಮ್‌ನವರು ಹಾಗೇ ತಿನ್ನುತ್ತಾರೆ. ಬನ್ನಿನಲ್ಲಿ ಇಟ್ಟೂ ಕೊಡುತ್ತಾರೆ. ಮೊದಲ ಸಲಕ್ಕೆ ನನಗೆ ಬನ್ನೇ ಸರಿ ಎನಿಸಿತ್ತು.

ಜೂನ್‌ನಲ್ಲಿ ಆಗದಿದ್ದರೆ ಅಕ್ಟೋಬರ್ 3ಕ್ಕೆ ಹತ್ತಿರದ ಲೈಡನ್‌ಗೆ ಹೋಗಿ. ಅಲ್ಲಿಯ ಹೆರಿಂಗ್ ಹಬ್ಬಕ್ಕೂ ಮೀನಿನ ಕೊಬ್ಬಿಗೂ ಸಂಬಂಧ ಇಲ್ಲ. 1574ರಲ್ಲಿ ಸ್ಪೇನಿನ ಸೈನ್ಯ ಆ ಊರಿಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು. ಒಳಗೆ ಹಸಿವು, ಪ್ಲೇಗು, ಸಾವಿರಾರು ಸಾವು. ಡಚ್ ಬಂಡುಕೋರರು ತಮ್ಮದೇ ನೆಲದ ಕಟ್ಟೆಗಳನ್ನು ಒಡೆದು ಕಡಲನ್ನು ಒಳಗೆ ಬಿಟ್ಟರು. ಹೊಲಗಳ ಮೇಲೆ ನೀರು ನಿಂತಿತು, ಚಪ್ಪಟೆ ತಳದ ದೋಣಿಗಳು ಆ ನೀರಿನ ಮೇಲೆ ಬಂದವು. ಅಕ್ಟೋಬರ್ 3ರ ಬೆಳಿಗ್ಗೆ ಸ್ಪೇನಿನವರು ಓಡಿಹೋಗಿದ್ದರು. ದೋಣಿಯವರು ಹಸಿದ ಜನಕ್ಕೆ ಹಂಚಿದ್ದು ಹೆರಿಂಗ್ ಮತ್ತು ಬಿಳಿ ಬ್ರೆಡ್. ಈಗಲೂ ಆ ದಿನ ಬೆಳಿಗ್ಗೆ ಊರಿನ ಹಳೆಯ ತೂಕದ ಮನೆಯ ಬಳಿ ಲೈಡನ್ನಿನವರು ಸಾಲು ನಿಂತು ಅದೇ ಎರಡನ್ನು ಪಡೆಯುತ್ತಾರೆ. 3ನೇ ತಾರೀಕು ಭಾನುವಾರ ಬಂದರೆ ಹಬ್ಬ ಸೋಮವಾರಕ್ಕೆ. ನನಗೆ ಕೇಳಿದರೆ ಹೆರಿಂಗ್ ಹಬ್ಬಗಳಲ್ಲಿ ಮನಸ್ಸಿಗೆ ಹೆಚ್ಚು ನಾಟುವುದು ಇದೇ.

ಅದೇ ಅಕ್ಟೋಬರ್‌ನಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲೂ ಹೆರಿಂಗ್ ಸಂತೆ ಇದೆ. 1743ರಿಂದ ನಡೆದುಬಂದದ್ದು. ದ್ವೀಪಗಳ ಬೆಸ್ತರು ದೋಣಿಗಳನ್ನು ದಡಕ್ಕೆ ಕಟ್ಟಿ, ದೋಣಿಯಿಂದಲೇ ಉಪ್ಪುಮೀನು ಮತ್ತು ಕಪ್ಪು ಬ್ರೆಡ್ ಮಾರುತ್ತಾರೆ. ಚಳಿಗಾಲಕ್ಕೆ ಮೀನು ತುಂಬಿಡುವ ಕಾಲದ ಸಂತೆ ಅದು. ಅಲ್ಲಿ ಬಾಲ್ಟಿಕ್ ಕಡಲಿನ ಸಣ್ಣ ಹೆರಿಂಗ್. ಹೋದರೆ ಒಂದು ತಿಳಿದಿರಲಿ, ಬಾಲ್ಟಿಕ್‌ನ ದೊಡ್ಡ ಗಾತ್ರದ ಹೆರಿಂಗ್‌ನಲ್ಲಿ ಡಯಾಕ್ಸಿನ್ ಎಂಬ ವಿಷ ಸೇರಿಕೊಂಡಿರುತ್ತದೆ. ಮಕ್ಕಳು, ಬಸುರಿಯರು ಅದನ್ನು ಮಿತಿಯಲ್ಲಿ ತಿನ್ನಬೇಕೆಂದು ಅಲ್ಲಿನ ಸರ್ಕಾರವೇ ಹೇಳುತ್ತದೆ.

ತಂದೆಯವರ ಮಾತಿಗೆ ಮತ್ತೆ ಬರುತ್ತೇನೆ. ಅವರ ಅನುಮಾನಕ್ಕೆ ಇನ್ನೊಂದು ಮುಖ ಇದೆ. ಜೂನ್‌ನಲ್ಲಿ ಹಿಡಿಯುವುದು ತಪ್ಪಲ್ಲ ಎಂದೆ. ಎಷ್ಟು ಹಿಡಿಯುತ್ತೇವೆ ಎಂಬಲ್ಲಿ ಯುರೋಪಿನವರು ತಪ್ಪಿದ್ದುಂಟು. 1960ರ ದಶಕದಲ್ಲಿ ದೊಡ್ಡ ಸುತ್ತುಬಲೆ, ಅದನ್ನು ಎತ್ತುವ ಯಂತ್ರ, ಹಿಂಡು ಹುಡುಕುವ ಸೋನಾರ್ ಬಂದವು. ಮರಿಗಳನ್ನೂ ಬಿಡದೆ ಬಾಚಿ ಮೀನುಹಿಟ್ಟಿಗೆ ಹಾಕಿದರು. ಉತ್ತರ ಸಮುದ್ರದ ಹಿಂಡು ಕುಸಿಯಿತು. 1977ರಲ್ಲಿ ಅಲ್ಲಿ ಹೆರಿಂಗ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಮತ್ತೆ ತೆರೆದದ್ದು 80ರ ದಶಕದ ಆರಂಭದಲ್ಲಿ. ನಮ್ಮ 61 ದಿನದ ರಜೆಯಲ್ಲ, ವರ್ಷಗಟ್ಟಲೆ ಬಾಗಿಲು ಹಾಕಿದ್ದು. ಆಮೇಲೆ ಹಿಂಡು ಚೇತರಿಸಿಕೊಂಡಿತು. ಈಗ ಪ್ರತಿ ವರ್ಷ ಇಂತಿಷ್ಟೇ ಟನ್ ಎಂದು ಮಿತಿ ಹಾಕುತ್ತಾರೆ.

ಎಲ್ಲ ಕಡೆ ಹಾಗೆ ಆಗಲಿಲ್ಲ. ಐಸ್‌ಲ್ಯಾಂಡಿನ ಬಡಗಣ ತುದಿಯಲ್ಲಿ ಸಿಗ್ಲುಫ್ಯೋರ್ದುರ್ ಎಂಬ ಊರಿದೆ. 1903ರಲ್ಲಿ ನಾರ್ವೆಯವರು ಅಲ್ಲಿ ಹೆರಿಂಗ್ ಕೆಲಸ ಶುರು ಮಾಡಿದರು. ಊರು 3,000 ಜನಕ್ಕೆ ಬೆಳೆಯಿತು. ಬೇಸಿಗೆಯಲ್ಲಿ ದೇಶದ ಎಲ್ಲ ಕಡೆಯಿಂದ ಹೆಣ್ಣುಮಕ್ಕಳು ಉಪ್ಪು ಹಾಕುವ ಕೆಲಸಕ್ಕೆ ಬರುತ್ತಿದ್ದರು. ಪೀಪಾಯಿ ತುಂಬಿದಷ್ಟು ಕೂಲಿ, ದೋಣಿ ಬಂದರೆ ರಾತ್ರಿಯೂ ನಿದ್ದೆ ಇಲ್ಲ. 1968-69ರ ಹೊತ್ತಿಗೆ ಮೀನು ಬರುವುದೇ ನಿಂತಿತು. ಅತಿಯಾಗಿ ಹಿಡಿದದ್ದು ಒಂದು, ಆ ವರ್ಷಗಳಲ್ಲಿ ಕಡಲು ತಣ್ಣಗಾದದ್ದು ಇನ್ನೊಂದು. ಊರು ಖಾಲಿಯಾಗುತ್ತ ಬಂತು. ಈಗ ಅಲ್ಲಿ ಒಳ್ಳೆಯದೊಂದು ಹೆರಿಂಗ್ ಮ್ಯೂಸಿಯಂ ಇದೆ. ಬೇಸಿಗೆಯಲ್ಲಿ ಹೆಂಗಸರು ಹಳೆಯ ಕಾಲದ ಉಡುಪು ತೊಟ್ಟು, ಹಲಗೆಯ ಕಟ್ಟೆಯ ಮೇಲೆ ಮೀನು ಕೊಯ್ದು ಪೀಪಾಯಿಗೆ ಜೋಡಿಸಿ ತೋರಿಸುತ್ತಾರೆ. ಅಕಾರ್ಡಿಯನ್ ನುಡಿಸುತ್ತಾರೆ, ಕುಣಿಯುತ್ತಾರೆ. ಹಬ್ಬ ಇದೆ, ಆ ಬಂದರಿಗೆ ತುಂಬಿ ಬರುತ್ತಿದ್ದ ಮೀನು ಇಲ್ಲ. ಜರ್ಮನಿ, ಡೆನ್ಮಾರ್ಕ್ ನಡುವಿನ ಪಶ್ಚಿಮ ಬಾಲ್ಟಿಕ್‌ನಲ್ಲೂ ಈಗ ಸ್ಥಿತಿ ಕೆಟ್ಟಿದೆ. ಚಳಿಗಾಲ ಬೆಚ್ಚಗಾಗಿ ಮೊಟ್ಟೆಗಳು ಬೇಗ ಒಡೆಯುತ್ತವೆ, ಆ ಹೊತ್ತಿಗೆ ಮರಿಗಳಿಗೆ ಆಹಾರ ಸಿದ್ಧವಿರುವುದಿಲ್ಲ. 2022ರಿಂದ ಅಲ್ಲಿ ಸಣ್ಣ ದೋಣಿಯವರಿಗೆ ಬಿಟ್ಟು ಉಳಿದವರಿಗೆ ಹೆರಿಂಗ್ ಹಿಡಿಯಲು ಅವಕಾಶವೇ ಇಲ್ಲ. ಬೂತಾಯಿ ಒಂದು ವರ್ಷ ರಾಶಿ, ಇನ್ನೊಂದು ವರ್ಷ ನಾಪತ್ತೆ ಆಗುವುದನ್ನು ಕಂಡ ನಿಮ್ಮ ತಂದೆಗೆ ಇದು ಬೇಗ ಅರ್ಥವಾಗುತ್ತದೆ.

ಸ್ಖೇವನಿಂಗನ್‌ಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಜನಜಂಗುಳಿ ಜಾಸ್ತಿ. ತಂದೆಯವರನ್ನು ಮೀನು ಬಿಡಿಸುವವನ ಪಕ್ಕಕ್ಕೇ ನಿಲ್ಲಿಸಿ. ಅವನು ಹೊಟ್ಟೆ ಸೀಳಿ, ಸಿಪ್ಪೆ ಹಿಡಿದು ಒಂದೇ ಎಳೆತಕ್ಕೆ ಎಳೆದು, ಬಾಲ ಮಾತ್ರ ಬಿಟ್ಟು ನಡುಮುಳ್ಳು ತೆಗೆಯುತ್ತಾನೆ. ಎಲ್ಲ ಕೆಲವೇ ಸೆಕೆಂಡಿನ ಕೆಲಸ. ಹೊಟ್ಟೆ ತೆರೆದ ಆ ಗಳಿಗೆಯಲ್ಲಿ ಒಳಗೆ ನೋಡಲು ಹೇಳಿ. ಮೊಟ್ಟೆ ಕಟ್ಟಿದೆಯೋ ಇಲ್ಲವೋ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.